ಜಾನಕಮ್ಮನವರ ಜಗಲಿ ಪಾಠ

ಮನೆಗೆ ಬಂದವರ ಹೆಸರನ್ನು ಜಾನಕಮ್ಮ ಕೇಳುತ್ತಿರಲಿಲ್ಲ. "ನಿಮ್ಮ ಮುತ್ತಜ್ಜಿಯ ತವರು ಯಾವೂರು?" ಎಂದು ಕೇಳುತ್ತಿದ್ದರು. ಹೇಳಿದವರಿಗೆ ಕಾಫಿ, ಹೇಳದವರಿಗೆ ನೀರು. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತನಾದ ನಾನು ಮೂರು ಭಾನುವಾರ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿ, ನೀರು ಕುಡಿದು ಬಂದೆ.

ಅಲ್ಲಿನ ಕೋಟೆ ಬಡಾವಣೆಯಲ್ಲಿದ್ದ ಅವರ ಮನೆಯ ಜಗಲಿಯಲ್ಲಿ ವಂಶಾವಳಿ ಹುಡುಕುವ ಪಾಠ ನಡೆಯುತ್ತಿತ್ತು. ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ ಅದು. ಜಾನಕಮ್ಮ ನಲವತ್ತು ವರ್ಷ ಊರವರ ಮನೆಯ ಶ್ರಾದ್ಧಗಳಿಗೆ ಅಡುಗೆ ಮಾಡಿದವರು. ಒಳಗೆ ವಡೆ ಕರಿಯುತ್ತ, ಹೊರಗೆ ಪುರೋಹಿತರು ಹೇಳಿಸುವ ಮೂರು ತಲೆಮಾರಿನ ಹೆಸರುಗಳನ್ನು ಕೇಳಿ ಕೇಳಿ, ಅರ್ಧ ಕೋಟೆಯ ವಂಶಾವಳಿ ಬಾಯಿಪಾಠವಾಗಿತ್ತು. ವಿದ್ಯಾರ್ಥಿಗಳಾದ ನಾವೆಲ್ಲ ಪಿಂಚಣಿದಾರರು. ಎಲ್ಲರ ಮೂಲಪುರುಷನೂ ದಿವಾನನೇ. ನಾನಂತೂ ನಮ್ಮ ದಿವಾನರನ್ನು ಬಣ್ಣದ ಪೆನ್ನಿನಲ್ಲಿ ಬರೆದೇ ಒಯ್ದಿದ್ದೆ.

"ಎಲ್ಲರ ಮನೇಲೂ ದಿವಾನ್ರೇ ಇದ್ರೆ, ಆ ರಾಜ್ಯದಲ್ಲಿ ಎಮ್ಮೆ ಕರೀತಿದ್ದೋರು ಯಾರು ಮಾರಾಯ?" ಎಂದರು ಜಾನಕಮ್ಮ. "ಗಂಡಸರನ್ನ ಕೇಳಿದ್ರೆ ಜಮೀನಿನ ಲೆಕ್ಕ ಹೇಳ್ತಾರೆ. ಯಾರ ಹೊಟ್ಟೇಲಿ ಯಾರು ಹುಟ್ಟಿದ್ರು ಅನ್ನೋದು ಹೆಂಗಸರಿಗೇ ಗೊತ್ತು. ಹೋಗು, ನಿನ್ನ ಸೋದರತ್ತೆ ಕಾಲು ಹಿಡಿ. ಅವರು ಬಾಯಿ ಬಿಡದಿದ್ರೆ ಹಳೇ ಪತ್ರ ಬಿಚ್ಚು."

ಅತ್ತೆ ಬಾಯಿ ಬಿಡಲಿಲ್ಲ. ನಮ್ಮ ಮನೆಯ ಕಥೆ ಇಷ್ಟು: ಮುತ್ತಜ್ಜನ ಮೊದಲ ಹೆಂಡತಿ ನಾಗವೇಣಿ ಚಿಕ್ಕವಳಿದ್ದಾಗಲೇ ತೀರಿಕೊಂಡಳು, ಆಮೇಲೆ ಬಂದ ಲಕ್ಷ್ಮೀದೇವಮ್ಮ ನಮ್ಮ ಮುತ್ತಜ್ಜಿ. ನಾಗವೇಣಿ ಮುನಿಯದಿರಲೆಂದು ವರ್ಷಕ್ಕೊಂದು ಸೀರೆ ಅವಳ ಹೆಸರಲ್ಲಿಟ್ಟು ಪೂಜಿಸಿ, ಅದನ್ನು ಅತ್ತೆಗೆ ಕೊಡುವುದು ನಮ್ಮ ಪದ್ಧತಿ.

ಟ್ರಂಕಿನ ತಳದಲ್ಲಿ ಒಂದು ದಾನಪತ್ರ ಸಿಕ್ಕಿತು. ಅರಿಶಿನ ಕುಂಕುಮಕ್ಕೆಂದು ತವರಿನವರು ಮಗಳಿಗೆ ತುಂಡು ಗದ್ದೆ ಬರೆದುಕೊಟ್ಟಿದ್ದರು. ತವರೂರಿನ ಹೆಸರೂ ಅದರಲ್ಲಿತ್ತು. ಮಗಳ ಹೆಸರು: ಲಕ್ಷ್ಮೀದೇವಮ್ಮ ಉರುಫ್ ನಾಗವೇಣಿ. ಮದುವೆಯ ದಿನ ಅಕ್ಕಿ ತಟ್ಟೆಯಲ್ಲಿ ಹೊಸ ಹೆಸರು ಬರೆದು ಕರೆತಂದ ಒಬ್ಬಳೇ ಸೊಸೆಯನ್ನು ನಾವು ಇಬ್ಬರನ್ನಾಗಿ ಮಾಡಿ, ಒಬ್ಬಳನ್ನು ಸಾಯಿಸಿ, ಅವಳಿಗೆ ಹೆದರುತ್ತಿದ್ದೆವು!

ಪತ್ರ ಹಿಡಿದು ಅತ್ತೆಯ ಮುಂದೆ ನಿಂತೆ. "ನಂಗೆ ಗೊತ್ತಿತ್ತು ಕಣೋ," ಎಂದರು ಅತ್ತೆ, ಅಳುಕಿಲ್ಲದೆ. "ಹೇಳಿದ್ರೆ ಸೀರೆ ಯಾರು ಕೊಡ್ತಿದ್ರು?"

ಇದನ್ನು ಕೇಳಿ ಜಾನಕಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಾಫಿಯೂ ಬಂತು. ದಿವಾನರು ಹೋಗಿ, ಒಬ್ಬ ಮುತ್ತಜ್ಜಿ ಕಡಿಮೆಯಾಗಿ, ನನ್ನ ವಿದ್ಯೆಗೆ ದಕ್ಕಿದ ಫಲ ಆ ಒಂದು ಲೋಟ. ಕುಡಿಯುತ್ತಿದ್ದಾಗ ಅವರು ಮೆಲ್ಲಗೆ ಅಂದರು:

"ನಂದೂ ಅದೇ ಕಥೆ, ನಾನು ಹುಟ್ಟಿದ್ದು ಮೀನಾಕ್ಷಿಯಾಗಿ ಕಣಪ್ಪ. ಈ ಮನೇಲಿ ಆಗಲೇ ಒಬ್ಬಳು ಮೀನಾಕ್ಷಿ ಇದ್ಲು, ನಾದಿನಿ. ಅಕ್ಕಿ ಮೇಲೆ ಜಾನಕಿ ಅಂತ ಬರೆಸಿದ್ರು, ಮುಗೀತು. ನಮ್ಮಪ್ಪ ಇಟ್ಟ ಹೆಸರು ಹಿಡಿದು ಕರೆಯೋರು ಈಗ ಯಾರೂ ಇಲ್ಲ. ಮಗ ಮಾಚೇನಹಳ್ಳಿ ಫ್ಯಾಕ್ಟರಿಯಿಂದ ಬಂದು ಉಂಡು ಮಲಗ್ತಾನೆ, ಕೇಳೋ ವ್ಯವಧಾನ ಎಲ್ಲಿ? ನೀನಾದ್ರೂ ನನ್ನ ವಂಶಾವಳಿ ಬರೆದುಕೊಡು. ಆ ಹೆಸರು ನನ್ನ ಜೊತೆ ಸುಟ್ಟುಹೋಗಬಾರದು."

ಊರಿಗೆಲ್ಲ ಕಲಿಸಿದವರಿಗೆ ಮನೆಯಲ್ಲಿ ಒಬ್ಬ ವಿದ್ಯಾರ್ಥಿ ಸಿಕ್ಕಿರಲಿಲ್ಲ. ನನಗೆ ಸಂಕಟವಾಯಿತು. ಬರೆದುಕೊಡುತ್ತೇನೆಂದು ಮಾತು ಕೊಟ್ಟು ಬಂದೆ. ಚೆಂದವಾಗಿ ಬರೆಯಬೇಕೆಂದು ಒಳ್ಳೆಯ ಕಾಗದ ಹುಡುಕುತ್ತ ತಿಂಗಳು ಕಳೆದೆ, ದಡ್ಡ. ಅಷ್ಟರಲ್ಲಿ ಅವರೇ ಹೋಗಿಬಿಟ್ಟರು.

ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಮೊದಲು, ಕೊನೆಗೂ ಬರೆದು ಮುಗಿಸಿದ ಅವರ ವಂಶಾವಳಿಯನ್ನು ಮಗನ ಕೈಗಿಟ್ಟೆ. ಅಪ್ಪನ ಹೆಸರಿನ ಪಕ್ಕದಲ್ಲಿದ್ದ ಹೆಸರಿನ ಮೇಲೆ ಬೆರಳಿಟ್ಟು ಅವನು ಗಾಬರಿಯಾದ.

"ಯಾರು ಸಾರ್ ಈ ಮೀನಾಕ್ಷಿ? ನಮ್ಮಪ್ಪಂಗೆ ಮೊದಲು ಒಂದು ಮದುವೆ ಆಗಿತ್ತಾ?"

ಹಿಂದೆ ನಿಂತಿದ್ದ ಸೊಸೆ ಅವನಿಗಿಂತ ಹೆಚ್ಚು ಗಾಬರಿಯಾದಳು. "ಅಯ್ಯೋ, ಹಾಗಾದ್ರೆ ಅತ್ತೆ ಸೀರೆ ಜೊತೆ ಅವರ ಹೆಸರಲ್ಲೂ ಒಂದು ಸೀರೆ ಇಡಬೇಕೇನ್ರೀ?"

"ಒಂದೇ ಸಾಕಮ್ಮ," ಎಂದೆ. "ಇಬ್ಬರೂ ನಿಮ್ಮತ್ತೇನೇ. ಆದ್ರೆ ಇಡುವಾಗ ಮೀನಾಕ್ಷಿ ಅಂತ ಗಟ್ಟಿಯಾಗಿ ಕರೀರಿ. ಕರೆಸಿಕೊಂಡು ಬಹಳ ವರ್ಷ ಆಗಿದೆ."