ಬೆನ್ನಿಗೆ ಕಟ್ಟಿದ ಕ್ಯಾನು

ನನ್ನ ತಮ್ಮನಿಗೆ ಇಂಟರ್‌ನೆಟ್ ಬಿಡಿಸಲು ಈಜು ಕಲಿಸಬೇಕೆಂದು ತೀರ್ಮಾನಿಸಿದವರು ನಮ್ಮ ಸೋದರಮಾವ. ಮಾವ ಇಂಟರ್‌ನೆಟ್ ನೋಡಿರಲಿಲ್ಲ. ತಮ್ಮನು ಮೊಣಕಾಲಿಗಿಂತ ಆಳದ ನೀರಿಗೆ ಇಳಿದಿರಲಿಲ್ಲ. ಅಮ್ಮನಿಗೆ ಇದು ಸರಿಯಾದ ಜೋಡಿ ಎನಿಸಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಂಜನಗೂಡಿನಲ್ಲಿ ನಮ್ಮ ಮನೆಯ ಹತ್ತಿರದ ಸೈಬರ್ ಕೆಫೆಯಲ್ಲಿ ತಮ್ಮ ಊಟ ಮರೆತು ಕೂರುತ್ತಿದ್ದ. ದಿನಾ ಹೋಗಿ ಎಬ್ಬಿಸಿಕೊಂಡು ಬರುವುದು ಸಾಕಾಗಿ ಅಪ್ಪ ಅವನಿಗೊಂದು ಮೊಬೈಲು ಕೊಡಿಸಿದರು. ಅದರಲ್ಲೂ ಇಂಟರ್‌ನೆಟ್ ಬರುತ್ತದೆಂದು ಅಂಗಡಿಯವನು ಹೇಳಿದ್ದನ್ನು ಅಪ್ಪ ಕೇಳಿಸಿಕೊಂಡಿರಲಿಲ್ಲ. ಆಮೇಲೆ ತಮ್ಮನು ಊಟದ ಹೊತ್ತಿಗೆ ಮನೆಯಲ್ಲಿರುತ್ತಿದ್ದ. ಎದುರಿಗಿದ್ದ ತಟ್ಟೆ ಮಾತ್ರ ಅವನಿಗೆ ಕಾಣುತ್ತಿರಲಿಲ್ಲ. ಪಿಯುಸಿಯಲ್ಲಿ ಫೇಲಾದ.

"ಮೈ ದಣಿದ್ರೆ ಕೈ ತಾನಾಗೇ ಸುಮ್ಕಾಯ್ತದೆ ಕಣಕ್ಕ. ಕಳ್ಸು ನನ್ ತಾವ್ಕೆ," ಎಂದರು ಮಾವ.

ಅವರ ಊರು ತಿ. ನರಸೀಪುರ ದಾಟಿ ಬನ್ನೂರಿನ ಕಡೆಗೆ. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ನನ್ನನ್ನೂ ಜೊತೆಗೆ ಕಳಿಸಿದರು. ಭತ್ತದ ನಾಟಿಗೆ ನಾಲೆಯಲ್ಲಿ ನೀರು ಬಿಟ್ಟಿದ್ದರು.

ಮಾವ ಈಜು ಕಲಿಸುವ ಕ್ರಮ ಹೀಗೆ: ಖಾಲಿ ಪ್ಲಾಸ್ಟಿಕ್ ಕ್ಯಾನಿನ ಮುಚ್ಚಳ ಬಿಗಿದು, ದನ ಕಟ್ಟುವ ಹಗ್ಗದಲ್ಲಿ ಕಲಿಯುವವನ ಬೆನ್ನಿಗೆ ಕಟ್ಟುವುದು. ಅವನು ಕೈಕಾಲು ಬಡಿಯುವುದು ಕಲಿತ ಮೇಲೆ, ಅವನಿಗೆ ಹೇಳದೆ, ದಿನಾ ಕ್ಯಾನಿಗೆ ಸ್ವಲ್ಪ ಸ್ವಲ್ಪ ನೀರು ಸುರಿಯುವುದು. ಕ್ಯಾನು ತೇಲಿಸುವುದು ಕಡಿಮೆಯಾದಂತೆ ಅವನು ತಾನೇ ಈಜುತ್ತಿರುತ್ತಾನೆ. ಊರಿನ ಅರ್ಧ ಗಂಡಸರು ಹೀಗೇ ಕಲಿತವರು.

ಮಾವನ ಮನೆಯೊಳಗೆ ಸಿಗ್ನಲ್ ಇರಲಿಲ್ಲ. ನಾಲೆಯ ಏರಿಯ ಮೇಲೆ ಇತ್ತು. ಮಾವ ಮೊದಲ ದಿನವೇ, "ಇಲ್ಗೆ ಅದ್ನ ತಂದ್ರೆ ನೀರ್ಗೆ ಎಸ್ದ್‌ಬುಡ್ತೀನಿ ಕಣ್ಲಾ," ಎಂದಿದ್ದರು. ತಮ್ಮ ಅದನ್ನು ಬಚ್ಚಿಡಲು ಎಲ್ಲರ ಕಣ್ಣೆದುರಿಗಿರುವ ಜಾಗ ಹುಡುಕಿಕೊಂಡ. ಕರವಸ್ತ್ರ ಸುತ್ತಿದರೆ ಫೋನು ಕ್ಯಾನಿನ ಬಾಯೊಳಗೆ ಇಳಿಯುತ್ತಿತ್ತು. ಹೊತ್ತುಕೊಂಡು ಬರುತ್ತಿದ್ದವರು ಸ್ವತಃ ಮಾವ. ಈಜು ಮುಗಿದ ಮೇಲೆ ಕ್ಯಾನು ಒಣಗಿಸಿ ತರುತ್ತೇನೆಂದು ತಮ್ಮ ಹಿಂದುಳಿಯುತ್ತಿದ್ದ. ಅವನ ಶ್ರದ್ಧೆ ಮಾವನಿಗೆ ಹಿಡಿಸಿತ್ತು. ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು.

ಒಂದು ಬೆಳಿಗ್ಗೆ ತಮ್ಮನು ಅಂಗಿ ಬಿಚ್ಚುತ್ತಿದ್ದಾಗ ಮಾವ ಮೊದಲ ಸಲ ಕ್ಯಾನಿಗೆ ಒಂದು ಚೊಂಬು ನೀರು ಸುರಿದು ಮುಚ್ಚಳ ಬಿಗಿದರು. ನಾನು ಬಟ್ಟೆ ಒಗೆಯುವ ಸೋಪಾನದ ಮೇಲೆ ಕುಳಿತಿದ್ದೆ. ತಮ್ಮ ನಾಲೆಯ ನಡುವಿಗೆ ಹೋದ. ಅಲ್ಲಿ ಬೆನ್ನ ಹಿಂದೆ ನೀರು ಕುಲುಕುವುದು ಅವನಿಗೆ ಕೇಳಿಸಿತು. ಕ್ಯಾನು ಸೋರುತ್ತಿದೆ ಎಂದುಕೊಂಡು ಅವನು ಗಂಟು ಬಿಚ್ಚಿದ. ಫೋನು ಇನ್ನಷ್ಟು ನೆನೆಯಬಾರದೆಂದು ಕ್ಯಾನನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದ. ತನ್ನನ್ನು ತೇಲಿಸಬೇಕಾದದ್ದನ್ನು ತಾನು ಎತ್ತಿ ಹಿಡಿದು, ಅವನು ಮುಳುಗಿದ.

ನೀರಿನ ಮೇಲೆ ಎರಡು ಕೈ, ಒಂದು ಕ್ಯಾನು. ಅವು ರಸ್ತೆಯಡಿಯ ಮೋರಿಯ ಕಡೆಗೆ ಹೋಗುತ್ತಿದ್ದವು. ಮೋರಿಯ ಬಾಯಿಗೆ ನೀರು ಭರ್ತಿಯಾಗಿ ನುಗ್ಗುತ್ತಿತ್ತು, ಮೇಲೆ ಉಸಿರಿಗೆ ಜಾಗವಿರಲಿಲ್ಲ. ನಾನು ಎದ್ದು ನಿಂತೆ. ಮಾವ ಉಟ್ಟ ಪಂಚೆಯಲ್ಲೇ ಹಾರಿದರು. ಅವರ ಕೈಗೆ ಸಿಕ್ಕಿದ್ದು ಕ್ಯಾನಿನಿಂದ ಇಳಿಬಿದ್ದಿದ್ದ ಹಗ್ಗ. ಎಳೆದರು. ಕ್ಯಾನು ಬಂತು, ಅದರ ಹಿಂದೆ ತಮ್ಮನೂ ಬಂದ.

ಏರಿಯ ಮೇಲೆ ಅವನು ನೀರು ಕಕ್ಕಿ ಮುಗಿಸುವವರೆಗೆ ಮಾವ ಕಾದರು.

"ಯಾಕ್ಲಾ ಬಿಚ್ಚುದೆ?"

"ಒಳ್ಗೆ ಫೋನಿತ್ತು ಮಾವ."

ಮಾವ ಕ್ಯಾನು ಬೋರಲು ಹಾಕಿದರು. ಚೊಂಬಿನ ನೀರು ಬಂತು, ಕರವಸ್ತ್ರ ಬಂತು. ಅವರು ಅದನ್ನು ಬಿಚ್ಚಿ ಫೋನು ತೆಗೆದರು.

"ಇದ್ನ ಬುಡ್‌ನಿಲ್ಲ ಅಂತ ಉಳ್ಕಂಡೆ. ಈಗ ನಿಂಗೆ ಏನಂತ ಬುದ್ಧಿ ಯೋಳ್ಲಿ ನಾನು?"

ಫೋನು ಮತ್ತೆ ಹೊತ್ತಿಕೊಳ್ಳಲಿಲ್ಲ. ಮಾರನೆಯ ಬೆಳಿಗ್ಗೆ ಬೇರೆ ಕೆಲಸವಿಲ್ಲದೆ ತಮ್ಮ ನಾಲೆಗೆ ಹೋದ. ಮಳೆಗಾಲ ಮುಗಿಯುವ ಹೊತ್ತಿಗೆ ಕ್ಯಾನಿಲ್ಲದೆ ಈಜುತ್ತಿದ್ದ. ಊರಿಗೆ ಬಂದ ಮೇಲೆ ಈಜಲು ಕಪಿಲಾ ಹೊಳೆಗೆ ಹೋಗತೊಡಗಿದ, ಈಗಲೂ ಹೋಗುತ್ತಾನೆ. ಹೊಸ ಫೋನು ಮನೆಯಲ್ಲಿ ಬಿದ್ದಿರುತ್ತದೆ. ಮಾವನ ಔಷಧಿ ಕೆಲಸ ಮಾಡಿತು, ಇದನ್ನು ನಾನು ಅಲ್ಲಗಳೆಯಲಾರೆ.

ನನಗೆ ಆ ಎರಡು ಕೈ ಇನ್ನೂ ಕಾಣುತ್ತವೆ. ನನ್ನ ಲೆಕ್ಕದಲ್ಲಿ ಅವು ಇನ್ನೂ ಮೋರಿಯ ಕಡೆಗೇ ಹೋಗುತ್ತಿವೆ. ಮದುವೆಯಾಗಿ ಬೇರೆ ಊರಿಗೆ ಬಂದಿರುವ ನಾನು ದಿನಾ ಬೆಳಿಗ್ಗೆ ಅವನ ಫೋನಿಗೆ ಮಾಡುತ್ತೇನೆ. ಅಮ್ಮ ಎತ್ತಿ, ಇನ್ನೂ ಬಂದಿಲ್ಲ ಎನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಮತ್ತೆ ಮಾಡುತ್ತೇನೆ. ನಡುವೆ ಫೋನು ಕೆಳಗಿಡುವುದಿಲ್ಲ, ಒಲೆಯ ಮೇಲಿನ ಹಾಲು ಉಕ್ಕಿದರೂ.

ಮೊನ್ನೆ ಅಮ್ಮ ಹೇಳಿದಳು: "ನೀನೂವೆ ಒಂದಷ್ಟ್ ದಿನ ಮಾವುನ್ ಮನೇಗೋಗಿ ಈಜ್ ಕಲ್ತ್ಕ ಬಾರವ್ವ. ಯಾವಾಗ್ ನೋಡುದ್ರೂ ಫೋನಲ್ಲೇ ಇರ್ತೀಯ."