ಈಶ್ವರ ಗುಡಿಯ ತನಕದ ಉಡಿ

ನಾರಾಯಣಗೂಡದ ಆ ಗಲ್ಲಿಯಲ್ಲಿ ಗದಿಗೆಮ್ಮನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ತೆಲುಗಿನವರಿಗೆ ಅವಳು ಜೊನ್ನರೊಟ್ಟೆ ಅಕ್ಕ, ಜೋಳದ ರೊಟ್ಟಿಯ ಅಕ್ಕ. ಕನ್ನಡದ ಮೂರು ನಾಲ್ಕು ಮನೆಗಳಿಗೆ ಸಂಗಣ್ಣನ ಅಕ್ಕ. ನಸುಕಿನಲ್ಲಿ ಅವಳು ರೊಟ್ಟಿ ತಟ್ಟುವ ಸದ್ದು ಕೇಳಿಯೇ ಎದುರಿನ ಕೋಚಿಂಗ್ ಸೆಂಟರಿನ ಕಾವಲುಗಾರ ಎದ್ದು ಮುಖ ತೊಳೆಯುತ್ತಿದ್ದ. ನಲವತ್ತೊಂಬತ್ತರ ಹೆಂಗಸು. ಹಣೆಗೆ ಮೂರು ಬೆರಳಿನ ವಿಭೂತಿ, ಅದರ ಕೆಳಗೆ ಕಾಸಿನಗಲ ಕುಂಕುಮ. ಆ ಕುಂಕುಮದ ಒಡೆಯ ಎಲ್ಲಿದ್ದಾನೆಂಬುದು ಮಾತ್ರ ಅವಳಿಗೂ ಗೊತ್ತಿರಲಿಲ್ಲ.

ಸೇಡಂ ಕಡೆಯಿಂದ ಬಂದು ಹೈದರಾಬಾದಿನಲ್ಲಿ ಮನೆ ಮಾಡಿದ ಅಪ್ಪ, ಹತ್ತೊಂಬತ್ತಕ್ಕೆ ಅವಳನ್ನು ಶಹಾಪುರದ ಹುಲಗೇಶನಿಗೆ ಕೊಟ್ಟಿದ್ದ. ನಾಲ್ಕು ವರ್ಷ ಬಾಳಿದಳು. ಮಕ್ಕಳಾಗಲಿಲ್ಲ. ಹುಲಗೇಶ ದುಡಿಯಲು ಮುಂಬೈಗೆ ಹೋದ. ಮೊದಲು ಎರಡು ಪತ್ರ ಬಂದವು, ಆಮೇಲೆ ಅದೂ ಇಲ್ಲ. 'ತಿಂಗಳೊಪ್ಪತ್ತು ತವರಾಗ ಇದ್ದು ಬಾ' ಎಂದು ಅತ್ತೆ ಕಳಿಸಿಕೊಟ್ಟಳು. ಆ ತಿಂಗಳೊಪ್ಪತ್ತು ಇಪ್ಪತ್ತಾರು ವರ್ಷವಾಯಿತು.

ಇರಲು ಸೂರಿತ್ತು, ಉಣ್ಣಲು ಕೂಳಿತ್ತು, ಬೈಯುವವರಿರಲಿಲ್ಲ. ಹಾಗಾಗಿ ಅವಳಿಗೆ ಕೊರತೆಯಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಅವ್ವನಿಗೊಬ್ಬಳಿಗೆ ಅನ್ನಿಸಿತ್ತು.

ಅದು ಕಿರಿಯ ಮಗಳು ಗಂಗಾ ಮದುವೆಯಾಗಿ ಮೊದಲ ಬೇಸಿಗೆಗೆ ತವರಿಗೆ ಬಂದು, ಸೋಲಾಪುರಕ್ಕೆ ಹೊರಟು ನಿಂತ ದಿನ. ತವರಿಂದ ಹೋಗುವ ಮಗಳ ಸೆರಗಿನಲ್ಲಿ ಅಕ್ಕಿ, ಕಾಯಿ, ಅಡಿಕೆ, ಅರಿಸಿನ ಕೊಂಬು, ಒಂದು ಕುಬಸದ ಖಣ ಇಟ್ಟು ಉಡಿ ತುಂಬಿ ಕಳಿಸುವುದು ರೂಢಿ. ಅವ್ವ ಗಂಗಾಳಿಗೆ ತುಂಬುತ್ತಿದ್ದಳು, ಗದಿಗೆಮ್ಮ ತಾಟು ಹಿಡಿದು ನಿಂತಿದ್ದಳು. ಅವ್ವ ಅವಳ ಮುಖವನ್ನೊಮ್ಮೆ ನೋಡಿದವಳೇ ಒಳಗೆ ಹೋಗಿ ಇನ್ನೊಂದು ಕಾಯಿ ತಂದಳು.

"ನೀನೂ ಕುಂಡ್ರು."

"ನಾ ಎಲ್ಲಿಗೆ ಹೋಗತೀನವ್ವ?"

"ಎಲ್ಲಿಗರ ಹೋಗು. ಮೂಲಿ ಈಶ್ವರ ಗುಡಿ ತನಕ ಹೋಗಿ ಅರ್ಧ ತಾಸು ಕುಂತು ಬಾ. ಇರೋ ಮಗಳಿಗೆ ಉಡಿ ತುಂಬಬಾರದಂತ. ಅದಕ್ಕ ಹೋಗು ಅನ್ನಾಕತ್ತೀನಿ."

ಗದಿಗೆಮ್ಮ ಉಡಿ ಕಟ್ಟಿಕೊಂಡು, ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದು, ಗಲ್ಲಿಯ ಮಂದಿ ನೋಡುತ್ತಿರಲು ಗುಡಿಗೆ ಹೋದಳು. ಒಂದು ಹಿಡಿ ಅಕ್ಕಿ ಶಿವನ ಮುಂದೆ ಸುರಿದು ಕಟ್ಟೆಗೆ ಕುಳಿತಳು. ಅರ್ಧ ತಾಸಿಗೆ ತಿರುಗಿ ಬಂದರೆ ಅವ್ವ ಕಾಲಿಗೆ ನೀರು, ಕೈಗೆ ಬೆಲ್ಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. "ಯಾವಾಗ ಹೊಂಟಿದ್ದೆವ್ವಾ? ದಾರ್ಯಾಗ ಬಿಸಲು ಭಾಳ ಇತ್ತೇನು?" ಎಂದು ದೂರದಿಂದ ಬಂದ ಮಗಳನ್ನು ಕೇಳಿದ ಹಾಗೆ ಕೇಳಿದಳು. ಇಬ್ಬರೂ ನಕ್ಕರು. ಅಂದಿನಿಂದ ಹದಿನಾರು ಬೇಸಿಗೆ ಈ ಆಟ ತಪ್ಪಲಿಲ್ಲ. ವರ್ಷದ ಉಳಿದ ದಿನಗಳನ್ನು ಗದಿಗೆಮ್ಮ ಆ ಅರ್ಧ ತಾಸಿನ ಮೇಲೆ ನೂಕುತ್ತಿದ್ದಳು.

ಹೋದ ಕಾರ್ತಿಕದಲ್ಲಿ ಅವ್ವ ತೀರಿಕೊಂಡಳು. ಅವಳಿಲ್ಲದ ಮೊದಲ ಬೇಸಿಗೆ ಬಂತು. ಮೇ ತಿಂಗಳ ಮೊದಲ ವಾರ ಗಂಗಾ, ಅವಳ ಗಂಡ ದಿನೇಶ, ಮಕ್ಕಳಾದ ಸಪ್ನಾ, ರಾಹುಲ ಬಂದಿಳಿದರು. ಗದಿಗೆಮ್ಮನ ಎದೆಯಲ್ಲಿ ಒಂದೇ ಪ್ರಶ್ನೆ: ಈ ಸಲ ನನ್ನ ಉಡಿ ಯಾರು ತುಂಬುತ್ತಾರೆ?

ತುಂಬಬೇಕಾದವಳು ತಮ್ಮ ಸಂಗಣ್ಣನ ಹೆಂಡತಿ ಶಾಂಭವಿ. ಕೆಟ್ಟವಳಲ್ಲ. ನೆನಪಾದರೆ ತುಂಬಿಯಾಳು, ನೆನಪು ಮಾಡುವುದು ಹೇಗೆ? 'ನನಗೆ ಉಡಿ ತುಂಬು' ಎಂದು ಬಾಯಿಬಿಟ್ಟು ಕೇಳುವುದುಂಟೆ? ಹಾಗಿರುವಾಗ ಶಾಂಭವಿಯೇ ಒಂದು ದಿನ ಹೇಳಿದಳು: "ಅಕ್ಕ, ಕೋಠಿಗೆ ಹೋಗಿ ಗಂಗಾಗೊಂದು ಖಣ ತಗೊಂಡು ಬರ್ರಿ. ನಿಮಗ ಬಣ್ಣ ಚಲೋ ತಿಳಿತಾವ."

ಗದಿಗೆಮ್ಮ ಕೋಠಿಯ ಗದ್ದಲದಲ್ಲಿ ಮೂರು ಅಂಗಡಿ ಹತ್ತಿಳಿದು, ದಾಳಿಂಬೆ ಬಣ್ಣದ, ಹಸಿರಂಚಿನ ಖಣ ಆರಿಸಿದಳು. ಒಂದಲ್ಲ, ಎರಡು. ಎರಡನೆಯದು ತನ್ನ ಗಂಟಿನದು. ಎರಡು ಖಣ ಕಂಡರೆ ಉಡಿಯೂ ಎರಡು ಎಂದು ಯಾರಿಗಾದರೂ ತಿಳಿದೀತು. ಕೇಳುವ ನಾಚಿಕೆ ತನಗಿಲ್ಲ, ಮರೆತ ನಾಚಿಕೆ ಅವಳಿಗಿಲ್ಲ ಎಂದು ಅವಳ ಲೆಕ್ಕ.

"ಎರಡ್ಯಾಕ ತಂದ್ರಿ ಅಕ್ಕ?" ಎಂದಳು ಶಾಂಭವಿ.

"ಇರ್ಲಿ ಇಟಗೋ. ಬೇಕಾಗತಾವ."

ಶಾಂಭವಿ ನಕ್ಕು ಟ್ರಂಕಿನಲ್ಲಿಟ್ಟಳು. ಆ ನಗೆ ಕಂಡು ಗದಿಗೆಮ್ಮನ ಜೀವ ಹಗುರಾಯಿತು. ತಿಳಿಯಿತು ಅವಳಿಗೆ, ಅಂದುಕೊಂಡಳು.

ಬೀಗರು ಬಂದ ಮೇಲೆ ತಿರುಗಾಟ ಇದ್ದದ್ದೇ. ಒಂದು ದಿನ ಪ್ರಾಣಿಗಳ ಪಾರ್ಕು, ಒಂದು ದಿನ ಹುಸೇನ್ ಸಾಗರದ ದೋಣಿ. ಎಲ್ಲ ದಿನವೂ ಗದಿಗೆಮ್ಮ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿಯ ಬುತ್ತಿ ಕಟ್ಟಿ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದಳು. ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಹೊರಟ ದಿನ ಮಾತ್ರ ಸಪ್ನಾ ಹಟ ಹಿಡಿದಳು. "ದೊಡ್ಡವ್ವ, ನೀವೂ ಬರ್ರಿ. ಅಲ್ಲಿ ಗಡಿಯಾರದೊಳಗಿಂದ ಒಂದು ಗೊಂಬಿ ಬಂದು ಗಂಟಿ ಹೊಡಿತೈತಿ."

ನಲವತ್ತು ವರ್ಷದಿಂದ ಹೈದರಾಬಾದಿನಲ್ಲಿದ್ದೂ ಗದಿಗೆಮ್ಮ ಆ ಗಡಿಯಾರ ನೋಡಿರಲಿಲ್ಲ. ಇಳಕಲ್ಲ ಸೀರೆ ಉಟ್ಟು ಹೊರಟಳು. ಬಾಗಿಲಿಗೆ ಹೋದರೆ, ಊಟದ ಗಂಟು ಒಳಗೆ ಒಯ್ಯುವಂತಿಲ್ಲ ಎಂದು ತಿಳಿಯಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಎಲ್ಲರ ಕಣ್ಣೂ ಬಂದು ನಿಂತದ್ದು ಒಂದೇ ಕಡೆ.

"ನೀವ್ ಹೋಗಿ ಬರ್ರಿ. ನಾ ಇಲ್ಲೇ ನೆರಳಿಗಿ ಕುಂತಿರತೀನಿ," ಎಂದಳು ಗದಿಗೆಮ್ಮ.

ಹನ್ನೆರಡರ ಬಿಸಿಲು ನೆತ್ತಿಗೆ ಬಂದಾಗಲೂ ಅವಳು ಗಿಡದ ಬುಡದಲ್ಲಿ ಬುತ್ತಿ ತಬ್ಬಿ ಕುಳಿತಿದ್ದಳು. ಸಪ್ನಾ ಓಡಿಬಂದು ಫೋನಿನಲ್ಲಿ ತೋರಿಸಿದಳು. ಅಂಗೈಯಗಲದ ಚೌಕದಲ್ಲಿ ಒಂದು ಕಡ್ಡಿಯಂಥ ಗೊಂಬೆ ಹೊರಬಂದು, ಹನ್ನೆರಡು ಪೆಟ್ಟು ಹೊಡೆದು, ಒಳಗೆ ಹೋಯಿತು.

"ಅಷ್ಟೇನು?"

"ಅಷ್ಟ ದೊಡ್ಡವ್ವ."

"ಇಷ್ಟಕ್ಕ ಇಷ್ಟು ಮಂದಿ ಬಾಯಿ ತಕ್ಕೊಂಡು ಕುಂತಾರಲ್ಲ," ಎಂದಳು. ಮಕ್ಕಳು ನಕ್ಕವು.

ಉಂಡ ಮೇಲೆ ಶಾಂಭವಿ, ಗಂಡಸರು, ಮಕ್ಕಳು ಐಸ್‌ಕ್ರೀಮಿಗೆ ಹೋದರು. ಅಕ್ಕತಂಗಿ ಇಬ್ಬರೇ ಉಳಿದಾಗ ಗಂಗಾ ತಾನಾಗಿಯೇ ಮಾತು ತೆಗೆದಳು.

"ಅವ್ವ ಇದ್ದಿದ್ರ ಈ ಸಲಾನೂ ನೀ ಗುಡಿಗಿ ಹೋಗತಿದ್ದಿ."

ಗದಿಗೆಮ್ಮ ಡಬ್ಬಿಯ ಮುಚ್ಚಳ ಒರೆಸಿದಳು.

"ನಾ ಶಾಂಭವಿ ವೈನಿಗೆ ಹೇಳತೀನಿ ಬಿಡಕ್ಕ. ಅವರಿಗೆ ಲಕ್ಷ್ಯದಾಗ ಇರಾಂಗಿಲ್ಲ. ನಾ ಹೇಳತೀನಿ."

"ನೀ ಹೇಳಿದ್ರ ಚಲೋ ಆತು," ಎಂದಳು ಗದಿಗೆಮ್ಮ, ಬಹಳ ಮೆಲ್ಲಗೆ. ಆ ಸಂಜೆ ಮನೆಗೆ ಬಂದು ಅವ್ವನ ಫೋಟೋಕ್ಕೆ ದೀಪ ಹಚ್ಚಿ ಕೈ ಮುಗಿದಳು. ಅವಳು ದೇವರಲ್ಲಿ ಏನನ್ನೂ ಬೇಡುವ ಹೆಂಗಸಲ್ಲ. ಆ ದಿನವೂ ಬೇಡಲಿಲ್ಲ, ಸಿಕ್ಕಿತೆಂದೇ ಅಂದುಕೊಂಡಳು.

ಹೊರಡುವ ದಿನ ಅವಳು ಬೆಳಿಗ್ಗೆಯೇ ಮಡಿಯಾಗಿ ಅವ್ವನ ಇಳಕಲ್ಲ ಸೀರೆ ಉಟ್ಟಳು. ಬಟ್ಟೆಯ ಚೀಲ ಬಾಗಿಲ ಮೊಳೆಗೆ ತೂಗುಹಾಕಿದಳು. ದಿನೇಶ ನೋಡಿ ಚೇಷ್ಟೆ ಮಾಡಿದ: "ಏನ್ರಿ ಅಕ್ಕಾರ, ನಮ್ಮ ಕೂಡ ಸೋಲಾಪುರಕ್ಕ ಹೊಂಟೀರೇನು? ಟಿಕೀಟ ತಗಸಲೇನು?" ಎಲ್ಲರೂ ನಕ್ಕರು. ಗದಿಗೆಮ್ಮನೂ ನಕ್ಕಳು.

ಮಣೆ ಹಾಕಿ ಗಂಗಾಳನ್ನು ಕೂರಿಸಿದರು. ಗದಿಗೆಮ್ಮ ತಾಟು ಹಿಡಿದು ನಿಂತಳು. ಶಾಂಭವಿ ಐದು ಬೊಗಸೆ ಅಕ್ಕಿ ಹಾಕಿದಳು, ಕಾಯಿ ಇಟ್ಟಳು, ಖಣ ಇಟ್ಟಳು. ಆಮೇಲೆ ಅದರ ಮೇಲೆ ಎರಡನೆಯ ಖಣವನ್ನೂ ಇಟ್ಟಳು.

"ಜೋಡಿ ಖಣ ನೋಡು ಗಂಗಾ. ನಿಮ್ಮಕ್ಕ ಆರಿಸಿ ತಂದಾರ. ತಂಗಿ ಮ್ಯಾಲೆ ಭಾಳ ಜೀವ ಅವರಿಗೆ."

ಗಂಗಾಳ ಕೈ ಆ ಎರಡನೆಯ ಖಣದ ಮೇಲೆ ನಿಂತಿತು. ಕಣ್ಣೆತ್ತಿ ಅಕ್ಕನನ್ನು ನೋಡಿದಳು. ಆ ನೋಟದಲ್ಲಿ ಎಲ್ಲ ಇತ್ತು. ಮ್ಯೂಸಿಯಮ್ಮಿನ ಗಿಡ, ಕೊಟ್ಟ ಮಾತು, ಅವ್ವ. ಈಗಲಾದರೂ ಹೇಳಬಹುದಿತ್ತು. ಹೇಳಿದರೆ ವೈನಿಯ ತಪ್ಪು ಎಲ್ಲರೆದುರು ಎತ್ತಿ ಆಡಿದಂತಾಗುತ್ತದೆ. ಅವ್ವ ಇಲ್ಲದ ತವರಿಗೆ ಇನ್ನು ವೈನಿಯೇ ಬಾಗಿಲು.

"ಬಣ್ಣ ಚಲೋ ಐತ್ರಿ ವೈನಿ," ಎಂದಳು ಗಂಗಾ. ಸೆರಗಿನ ಗಂಟು ಬಿಗಿದಳು.

ಆಟೋ ಬಂತು, ಹೋಯಿತು. ಗದಿಗೆಮ್ಮ ಖಾಲಿ ತಾಟು ಹಿಡಿದುಕೊಂಡೇ ಒಳಗೆ ಬಂದಳು. ಹದಿನಾರು ವರ್ಷ ಅವ್ವ ಅವಳಿಂದ ಬಾಯಿಬಿಟ್ಟು ಕೇಳಿಸದೆ ಕಾಯ್ದ ಮಾತು ಬಾಯಿಂದ ಬಂದೇ ಬಿಟ್ಟಿತು.

"ಶಾಂಭವಿ, ಅವ್ವ ನನಗೂ ತುಂಬತಿದ್ಲು."

ಶಾಂಭವಿ ಒಂದು ಗಳಿಗೆ ಗಲಿಬಿಲಿಗೊಂಡಳು. "ಅಯ್ಯ, ಅದು ಅತ್ತಿಯವರು ನಿಮ್ಮ ಸಮಾಧಾನಕ್ಕ ಮಾಡತಿದ್ರು ಅಕ್ಕ. ಹೋಗೋರಿಗೆ ಉಡಿ. ನೀವ್ ಎಲ್ಲಿಗೆ ಹೋಗೋರು? ಈ ಮನಿ ನಿಮ್ಮದ ಅಲ್ಲೇನು?" ಆಮೇಲೆ ದನಿ ಇಳಿಸಿದಳು. "ಮತ್ತ, ಸಿಟ್ಟಾಗಬ್ಯಾಡ್ರಿ. ಇಪ್ಪತ್ತಾರು ವರ್ಷ ಆತು. ಅವರು ಇದ್ದಾರೋ ಇಲ್ಲೋ ಯಾರಿಗೆ ಗೊತ್ತು? ತಿಳೀದೆ ತುಂಬಿದ್ರ ದೋಷ ನನಗ."

ಗದಿಗೆಮ್ಮ ತಮ್ಮನ ಕಡೆ ನೋಡಿದಳು. ಸಂಗಣ್ಣ ಫೋನಿನಿಂದ ತಲೆ ಎತ್ತಲಿಲ್ಲ.

"ಹೋಗ್ಲಿ ಬಿಡಕ್ಕ," ಎಂದ. "ಈ ಬಿಸಲಾಗ ಗುಡಿ ತನಕ ಯಾಕ ಹೋಗತಿ."

ಅವನಿಗೆ ನೆನಪಿತ್ತು. ಗುಡಿಯೂ ನೆನಪಿತ್ತು.

ಗದಿಗೆಮ್ಮ ತಾಟು ತೊಳೆದು ಬೋರಲು ಹಾಕಿದಳು. ಟ್ರಂಕಿನಿಂದ ಎರಡು ಸೀರೆ, ಕರಡಿಗೆಯಲ್ಲಿದ್ದ ಲಿಂಗ, ಅವ್ವನ ಜಪಮಣಿ ತೆಗೆದು ಚೀಲಕ್ಕೆ ಹಾಕಿದಳು. "ಗುಡಿಗಿ ಹೋಗಿ ಬರತೀನಿ" ಎನ್ನಬೇಕಾದವಳು "ಹೋಗತೀನಿ" ಎಂದಷ್ಟೇ ಅಂದಳು. ಆ ಮನೆಯಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.

ಈಶ್ವರ ಗುಡಿಯ ಕಟ್ಟೆಯಲ್ಲಿ ಅರ್ಧ ತಾಸು ಕುಳಿತಳು. ಸುರಿಯಲು ಸೆರಗಿನಲ್ಲಿ ಒಂದು ಕಾಳು ಅಕ್ಕಿಯಿರಲಿಲ್ಲ. ಬರಿಗೈ ಮುಗಿದಳು. ಅರ್ಧ ತಾಸು ಮುಗಿಯಿತು. ಕಾಲಿಗೆ ನೀರು ಹಿಡಿದು ನಿಲ್ಲುವವರು ಇಲ್ಲದ ಹೊಸ್ತಿಲಿಗೆ ತಿರುಗಿ ಹೋಗಲು ಕಾಲು ಏಳಲಿಲ್ಲ. ಎದ್ದು ಬಸ್ ಸ್ಟಾಪಿನ ಕಡೆ ನಡೆದಳು.

ಹಿಂದೆ ಅದೇ ಗಲ್ಲಿಯಲ್ಲಿದ್ದ ಉಮಾಬಾಯಿ ಈಗ ತಾರ್ನಾಕದಲ್ಲಿ ಹುಡುಗಿಯರ ಹಾಸ್ಟೆಲ್ ನಡೆಸುತ್ತಿದ್ದಳು. ಬೀದರ, ಕಲಬುರಗಿ ಕಡೆಯಿಂದ ಓದಲು ಬಂದವರೇ ಹೆಚ್ಚು. 'ರೊಟ್ಟಿ ಮಾಡಾಕ ಬರ್ರಿ, ಇರಾಕ ಖೋಲಿ ಕೊಡತೀನಿ' ಎಂದು ಎರಡು ವರ್ಷದಿಂದ ಕರೆಯುತ್ತಿದ್ದಳು. 'ತಮ್ಮನ ಮನಿ ಬಿಟ್ಟು ಬಂದ್ರ ಮಂದಿ ಏನಂದಾರು' ಎಂದು ಗದಿಗೆಮ್ಮ ಪ್ರತಿ ಸಲ ತಳ್ಳಿಹಾಕಿದ್ದಳು. ಈಗ ಚೀಲ ಹಿಡಿದು ಬಾಗಿಲಲ್ಲಿ ನಿಂತವಳನ್ನು ಕಂಡು ಉಮಾಬಾಯಿ ಅಡುಗೆಮನೆಗೆ ಕರೆದೊಯ್ದಳು. "ಹಿಟ್ಟು ಆ ಡ್ರಮ್ಮಿನ್ಯಾಗ ಐತ್ರಿ," ಎಂದಳು.

ಉಮಾಬಾಯಿಯಿಂದ ಸುದ್ದಿ ತಿಳಿದು ಮೂರನೆಯ ದಿನ ಸಂಗಣ್ಣ ಬಂದ. ಕೈಯಲ್ಲಿ ಕ್ಯಾರಿಬ್ಯಾಗು. ಅಡುಗೆಮನೆಯ ಬಾಗಿಲಲ್ಲೇ ನಿಂತು ಹೇಳಿದ: "ಮಂದಿ ಕೇಳಾಕತ್ತಾರ ಅಕ್ಕ. ಶಾಂಭವಿಗೆ ರಟ್ಟಿ ನೋವು, ರೊಟ್ಟಿ ಬಡಿಯಾಕ ಆಗವಲ್ದು. ಇದರಾಗ ಅಕ್ಕಿ, ಕಾಯಿ, ಖಣ ಎಲ್ಲಾ ಐತಿ. ಆಕೀನ ಕೊಟ್ಟು ಕಳಿಸ್ಯಾಳ. ತಗೊಂಡು ನಡಿ ಇನ್ನ."

ಗದಿಗೆಮ್ಮ ರೊಟ್ಟಿ ತಿರುವಿ ಹಾಕಿದಳು.

"ತಮ್ಮಾ, ಉಡಿ ಕಳಸಾಕ ತುಂಬತಾರ. ಕರಕೊಂಡು ಹೋಗಾಕಲ್ಲ."

"ಏನಾರ ಒಂದು ತಗೀತಿ ನೀ."

"ವರ್ಷಾ ವರ್ಷಾ ನಾ ಗುಡಿಗಿ ಹೋಗೋದು ನೀ ನೋಡತಿದ್ದಿ ಹೌದಲ್ಲೋ?"

"ನೋಡತಿದ್ದೆ."

"ಮತ್ತ?"

ಸಂಗಣ್ಣ ಕ್ಯಾರಿಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಅವಳು ಎರಡು ರೊಟ್ಟಿಗೆ ಎಣ್ಣೆಗಾಯಿ ಹಾಕಿ ಕೊಟ್ಟಳು. ನಿಂತೇ ತಿಂದ. ಹೋಗುವಾಗ ಚೀಲವನ್ನು ಅಲ್ಲೇ ಬಿಟ್ಟು ಹೋದ. ಅಕ್ಕಿ ಹಾಸ್ಟೆಲಿನ ಅಕ್ಕಿಯಲ್ಲಿ ಬೆರೆಯಿತು. ಕಾಯಿ ಚಟ್ನಿಗಾಯಿತು. ಖಣವನ್ನು ಅವಳು ರೊಟ್ಟಿಯ ಬುಟ್ಟಿಗೆ ಹಾಸಿದಳು.

ಆಷಾಢ ಕಳೆದ ಮೇಲೆ ಗಂಗಾಳ ಫೋನು ಬಂತು. ಅದು ಇದು ಮಾತಾಡಿ, ಕೊನೆಗೆ ಅಂದಳು: "ಅವತ್ತು ನಾ ವೈನಿಗೆ ಹೇಳಬೇಕಂತ ಮಾಡಿದ್ದೆ ಅಕ್ಕ. ಅಷ್ಟರಾಗ ಆಟೋ ಬಂತು."

"ಹೌದು, ಆಟೋ ಬಂತು," ಎಂದಳು ಗದಿಗೆಮ್ಮ. ಆಮೇಲೆ ಕೇಳಿದಳು: "ಖಣ ಹೊಲಿಸಿದೇನು?"

"ಹೂಂ. ಎರಡೂ ಹೊಲಿಸಿದೆ. ಒಂದು ಸಪ್ನಾಗ."

"ಸರಿ ಬಂತೇನು ಆಕೀಗೆ?"

"ಸರಿ ಬಂತು."

"ಚಲೋ ಆತು," ಎಂದಳು. ಹಂಚು ಕಾದಿತ್ತು. ಫೋನನ್ನು ಉಮಾಬಾಯಿಯ ಕೈಗೆ ಕೊಟ್ಟು ಹಿಟ್ಟಿಗೆ ಕೈ ಹಾಕಿದಳು.