ಕರೆಂಟ್ ತೆಗೆದ ಮೇಲಿನ ನೆನಪು

ಕರೆಂಟ್ ಹೋದರೂ ಮರೆಯದ ಮೆಮೊರಿ ಚಿಪ್ಪಿಗೆ ಬೇಕಾದ ವಸ್ತು ತಯಾರಿಸುವುದು ನನ್ನ ಕೆಲಸ. ಜೆ.ಪಿ. ನಗರದ ಒಂದು ಕಟ್ಟಡದ ಮೇಲ್ಮಹಡಿಯಲ್ಲಿ ನಮ್ಮ ಪುಟ್ಟ ಲ್ಯಾಬ್. ಎರಡು ಲೋಹದ ಪದರಗಳ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಕೂರಿಸುತ್ತೇವೆ. ವೋಲ್ಟೇಜ್ ಕೊಟ್ಟರೆ ಅದರೊಳಗೆ ವಿದ್ಯುತ್ತಿಗೊಂದು ದಾರಿ ತೆರೆಯುತ್ತದೆ. ತಿರುವುಮುರುವಾಗಿ ಕೊಟ್ಟರೆ ಮುಚ್ಚುತ್ತದೆ. ತೆರೆದದ್ದು ಒಂದು, ಮುಚ್ಚಿದ್ದು ಸೊನ್ನೆ. ಕರೆಂಟ್ ತೆಗೆದ ಮೇಲೂ ತೆರೆದ ದಾರಿ ತೆರೆದೇ ಇರಬೇಕು. ನಾನು ಮಾಡಿದ ಪದರಗಳೋ, ಒಂದೆರಡು ದಿನಕ್ಕೇ ಮರೆತುಬಿಡುತ್ತಿದ್ದವು. ಈ ಸಲವೂ ಹಾಗಾದರೆ ಈ ವಸ್ತುವನ್ನೇ ಕೈಬಿಡೋಣ ಎಂದು ನಮ್ಮ ಮುಖ್ಯಸ್ಥರು ಹೇಳಿಯಾಗಿತ್ತು.

ಆಯುಧಪೂಜೆಯ ಹಿಂದಿನ ಸಂಜೆ ಹೊಸ ಚಿಪ್ಪಿನ ತುಂಬ ‘ಒಂದು’ ಬರೆದು ಡಬ್ಬಿಯಲ್ಲಿಟ್ಟೆ. ಒಳಗಿನ ಯಂತ್ರಗಳಿಗೆ ಕುಂಕುಮ ಬೇಡವೆಂದು ಎಲ್ಲರಿಗೂ ಹೇಳಿದ್ದೆ. ಪೂಜೆಯ ದಿನ ಚೆಂಡುಹೂವು, ಬೂದುಗುಂಬಳ ಎಲ್ಲ ಹೊರಕೋಣೆಯಲ್ಲೇ ಮುಗಿದವು. ಮನೆಯಲ್ಲಿ ಬೊಂಬೆಗಳಿಗೆ ಆರತಿ ಎತ್ತಬೇಕಿದ್ದರಿಂದ ನಾನು ಬೇಗ ಹೊರಟೆ.

ನಾಲ್ಕು ದಿನದ ರಜೆ ಮುಗಿಸಿ ಬಂದು, ಅಳೆಯುವ ಸೂಜಿಯನ್ನು ಚಿಪ್ಪಿನ ಮೇಲಿಳಿಸಿ ಓದಿದರೆ ಎಲ್ಲವೂ ಸೊನ್ನೆ. ಜಾಗ ಬದಲಿಸಿದೆ. ಅಲ್ಲೂ ಸೊನ್ನೆ. ಹಿಂದೆ ಬಂದು ನಿಂತಿದ್ದ ಮುಖ್ಯಸ್ಥರು, ಹೋಗಲಿ ಬಿಡಿ, ಬೇರೆ ವಸ್ತು ನೋಡೋಣ ಎಂದರು. ನನಗೆ ಕುರ್ಚಿಯಿಂದ ಏಳಲು ಮನಸ್ಸಾಗಲಿಲ್ಲ. ಪರದೆಯನ್ನೇ ನೋಡುತ್ತ ಕುಳಿತೆ. ದಾರಿ ಮುಚ್ಚಿದರೂ ಹಳೇ ನಲ್ಲಿಯ ಹಾಗೆ ಒಂದಿಷ್ಟು ಕರೆಂಟ್ ಜಿನುಗುವುದು ವಾಡಿಕೆ. ಇಲ್ಲಿ ತೊಟ್ಟೂ ಇಲ್ಲ.

“ಸಾರ್, ಇದು ಮರ್ತಿರೋದಲ್ಲ. ಸೂಜಿ ಮುಟ್ತಾನೇ ಇಲ್ಲ.”

ಸೂಜಿಯನ್ನು ಸೂಕ್ಷ್ಮದರ್ಶಕದಡಿ ಹಿಡಿದೆ. ತುದಿಯಲ್ಲಿ ಒಣಗಿದ ಹಳದಿ ಚಕ್ಕೆ. ಗಂಧ!

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸತೊಡಗಿದರು. “ಇಲ್ಲಿ ನಿಜವಾಗಿ ದುಡಿಯೋದು ಅದೊಂದೇ ಅಲ್ವೇನಮ್ಮ, ಅದಕ್ಕೇ ಒಂದು ಚೂರು ಇಟ್ಟೆ. ನೀವು ಕುಂಕುಮ ತಾನೇ ಬೇಡ ಅಂದಿದ್ದು?”

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಹೊಸ ಸೂಜಿ ಕೂರಿಸಿದೆ. ಇಳಿಸಿದೆ. ಒಂದು. ಪಕ್ಕದ್ದೂ ಒಂದು. ಅಂಚಿನಲ್ಲಿ ಕೆಲವು ಮರೆತಿದ್ದವು, ಉಳಿದವೆಲ್ಲ ಬರೆದಿಟ್ಟ ಹಾಗೇ ಇದ್ದವು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

“ಇದನ್ನೇ ಮುಂದುವರಿಸಿ. ಅಂಚು ಯಾಕೆ ಹಾಗಾಯ್ತು ನೋಡಿ,” ಎಂದು ಮುಖ್ಯಸ್ಥರು ಕೆಳಗಿನ ದರ್ಶಿನಿಗೆ ಹೊರಟರು. ತಾವೇ ಕಾಫಿ ಹಿಡಿದು ಮೆಟ್ಟಿಲು ಹತ್ತಿ ಬಂದಾಗ ಅರ್ಧ ಲೋಟ ತುಳುಕಿಹೋಗಿತ್ತು. ಉಳಿದ ಅರ್ಧವನ್ನು ನಾನು ನಿಧಾನವಾಗಿ ಕುಡಿದೆ.